‘ಪರಂತು’ ಬಂದಲ್ಲಿ ಬೆರಳಿಡಿ

2025ರ ಫೆಬ್ರವರಿಯಲ್ಲಿ ನಾನು ಮಾಡಿದ ಒಂದು ತಪ್ಪಿನಿಂದಲೇ ಶುರು ಮಾಡುತ್ತೇನೆ.

ತಿಪಟೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯ. ಈಗ ಅದರ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂದಿದೆ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಅಲ್ಲಿ ಹತ್ತಿಪ್ಪತ್ತು ಜನ ಸೇರುತ್ತೇವೆ. ಬೆಂಗಳೂರಲ್ಲೋ ಬೆಳಗಾವಿಯಲ್ಲೋ ಸದನದ ಮುಂದೆ ಬಂದಿರುವ ಒಂದು ಮಸೂದೆ ಹಿಡಿದು ಸಾಲು ಸಾಲಾಗಿ ಓದಿ, ಇದರಿಂದ ನಮಗೇನು ಎಂದು ಮಾತಾಡುತ್ತೇವೆ. ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲಿಕೆ ಮಾಡುವವಳು, ಊರವರ ಬಾಯಲ್ಲಿ ಲಾಯರಮ್ಮ. ಓದಿ ಹೇಳುವ ಕೆಲಸ ನನ್ನದು.

ಆ ವಾರವಷ್ಟೇ ಮೈಕ್ರೋ ಫೈನಾನ್ಸ್ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ಬಂದಿತ್ತು. ಸಭೆ ಮುಗಿದು ಚಪ್ಪಲಿ ಮೆಟ್ಟಿಕೊಳ್ಳುವಾಗ, ಕೊಬ್ಬರಿ ಒಡೆಯುವ ಕೂಲಿಗೆ ಹೋಗುವ ಹೆಂಗಸೊಬ್ಬರು ಮೊಬೈಲ್ ಮುಂದೆ ಹಿಡಿದರು. “ಮೇಡಂ, ಫೈನಾನ್ಸ್ ಸಾಲ ಎಲ್ಲಾ ಮನ್ನಾ ಆಯ್ತಂತಲ್ಲ, ನಿಜವಾ?” ನಾನು ಪೇಪರಿನ ತಲೆಬರಹ ನೋಡಿದ್ದೆ, ಪಠ್ಯ ಓದಿರಲಿಲ್ಲ. “ಹೌದಮ್ಮ, ಲೈಸೆನ್ಸ್ ಇಲ್ಲದೋರ ಸಾಲ ಕಟ್ಟಬೇಕಿಲ್ಲ” ಅಂದೆ. ನಾನು ಹೇಳಿದ್ದು ಅರ್ಧ, ಅವರು ಕೇಳಿಸಿಕೊಂಡಿದ್ದು ಇನ್ನೂ ಅರ್ಧ. ಎರಡು ವಾರ ಕಂತು ಕಟ್ಟಲಿಲ್ಲ. ಅವರ ಸಾಲ ಇದ್ದದ್ದು ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿಯಲ್ಲಿ. ಗುಂಪಿನ ಸಾಲದಲ್ಲಿ ಒಬ್ಬಳು ಬಿಟ್ಟರೆ ಉಳಿದವರು ತುಂಬಬೇಕು. ಮೂರನೇ ವಾರ ಅವರ ಮನೆ ಬಾಗಿಲಲ್ಲಿ ನಿಂತು ಜಗಳವಾಡಿದ್ದು ಫೈನಾನ್ಸಿನವರಲ್ಲ, ಅವರದೇ ಸಂಘದ ಹೆಂಗಸರು.

ಮಸೂದೆ ಓದಿ ಹೇಳುವವರು ಮಾಡುವ ತಪ್ಪಿನ ಬಡ್ಡಿಯನ್ನು ಬೇರೆ ಯಾರೋ ಕಟ್ಟುತ್ತಾರೆ. ಅವತ್ತಿನಿಂದ ನಾನು ಕಲಿತದ್ದು, ಅದಕ್ಕೆ ಮೊದಲೇ ಕಲಿತು ಅವತ್ತು ಮರೆತದ್ದು, ಎರಡನ್ನೂ ಇಲ್ಲಿ ಬರೆದಿದ್ದೇನೆ.

1. ‘ಏನು ಹೇಳುತ್ತದೆ’ ಅನ್ನುವ ಮುಂಚೆ ‘ಎಲ್ಲಿದೆ’ ಎಂದು ಕೇಳಿ

2024ರ ಜುಲೈ 15ರಂದು ಸಚಿವ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ. ಮಾರನೇ ದಿನವೇ ಡಿಪ್ಲೊಮಾ ಮುಗಿಸಿದ ಹುಡುಗನ ಅಪ್ಪ ನನ್ನ ಆಫೀಸಿಗೆ ಬಂದು, “ಅರ್ಜಿ ಎಲ್ಲಿ ಹಾಕಬೇಕು ಮೇಡಂ, ತಾಲ್ಲೂಕು ಆಫೀಸಲ್ಲೋ ಆನ್‌ಲೈನಲ್ಲೋ?” ಎಂದು ಕೇಳಿದರು. ಜುಲೈ 17ಕ್ಕೆ ಉದ್ಯಮಿಗಳ ವಿರೋಧದ ನಡುವೆ ಸರ್ಕಾರವೇ ಅದನ್ನು ತಡೆಹಿಡಿಯಿತು. ಮಸೂದೆ ಸದನದ ಬಾಗಿಲನ್ನೂ ದಾಟಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು.

ತೊಂದರೆ ಇರುವುದು ‘ಒಪ್ಪಿಗೆ’ ಎಂಬ ಒಂದೇ ಪದದಲ್ಲಿ. ಸಂಪುಟ ಕೊಟ್ಟರೂ ಒಪ್ಪಿಗೆ, ವಿಧಾನಸಭೆ ಕೊಟ್ಟರೂ ಒಪ್ಪಿಗೆ, ರಾಜ್ಯಪಾಲರು ಕೊಟ್ಟರೂ ಒಪ್ಪಿಗೆ. ತಲೆಬರಹದಲ್ಲಿ ಆ ಪದ ಕಂಡ ಕೂಡಲೇ ‘ಯಾರ ಒಪ್ಪಿಗೆ?’ ಎಂದು ಕೇಳುವುದನ್ನು ನಾವು ಅಭ್ಯಾಸ ಮಾಡಿಕೊಂಡೆವು. ಗ್ರಂಥಾಲಯದ ಗೋಡೆಗೆ ಒಂದು ಡ್ರಾಯಿಂಗ್ ಶೀಟ್ ಅಂಟಿಸಿದ್ದೇವೆ. ಅದರಲ್ಲಿ ರೈಲ್ವೆ ಸ್ಟೇಷನ್‌ಗಳ ಹಾಗೆ ಸಾಲಾಗಿ ಬರೆದಿದೆ: ಕರಡು, ಸಂಪುಟ, ಮಂಡನೆ, ಚರ್ಚೆ ಮತ್ತು ಅಂಗೀಕಾರ, ಇನ್ನೊಂದು ಸದನ, ರಾಜ್ಯಪಾಲರ ಅಂಕಿತ, ರಾಜ್ಯಪತ್ರ, ಜಾರಿ, ನಿಯಮ. ಓದುತ್ತಿರುವ ಮಸೂದೆ ಯಾವ ಸ್ಟೇಷನ್ನಿನಲ್ಲಿದೆಯೋ ಅಲ್ಲಿಗೆ ಕೆಂಪು ಪಿನ್ನು ಚುಚ್ಚುತ್ತೇವೆ. ಉದ್ಯೋಗ ಮಸೂದೆಯ ಪಿನ್ನು ಎರಡನೇ ಸ್ಟೇಷನ್ನಿನಲ್ಲೇ ತುಕ್ಕು ಹಿಡಿಯಿತು.

2. ಹೆಸರು ನಂಬಬೇಡಿ, ಕೊನೆಯ ಪುಟದಿಂದ ಓದಿ

ಮಸೂದೆಗೆ ಸರ್ಕಾರಿ ಭಾಷೆಯಲ್ಲಿ ವಿಧೇಯಕ ಎಂದು ಹೆಸರು. ಪಾಸಾಗಿ ಅಂಕಿತ ಬಿದ್ದ ಮೇಲೆ ಅಧಿನಿಯಮ, ನಮ್ಮ ಬಾಯಲ್ಲಿ ಕಾಯ್ದೆ. ಮೊದಲ ಪುಟದಲ್ಲಿರುವ ಉದ್ದನೆಯ ಹೆಸರಿನಲ್ಲಿ ಕಲ್ಯಾಣ, ಸಂರಕ್ಷಣೆ, ಅಭಿವೃದ್ಧಿ ಮುಂತಾದ ಪದಗಳು ಇದ್ದೇ ಇರುತ್ತವೆ. ಮದುವೆ ಪತ್ರಿಕೆಯಲ್ಲಿ ‘ಸಕುಟುಂಬ ಸಪರಿವಾರ’ ಇರುವ ಹಾಗೆ. ಅದರಿಂದ ಏನೂ ಗೊತ್ತಾಗುವುದಿಲ್ಲ.

ಹೊಸಬರಿಗೆ ನಾನು ಹೇಳುವುದು ಹಿಂದಿನಿಂದ ತೆರೆಯಿರಿ ಎಂದು. ಕೊನೆಯಲ್ಲಿ ‘ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ’ ಇರುತ್ತದೆ. ಯಾಕೆ ಈ ಮಸೂದೆ ಎಂದು ಸರ್ಕಾರ ತನ್ನ ಬಾಯಿಂದಲೇ ಹೇಳುವ ಜಾಗ ಅದು. ಅದರ ಕೆಳಗೆ ಆರ್ಥಿಕ ಜ್ಞಾಪನ ಪತ್ರ. ಹೊಸ ಮಂಡಳಿ, ಹೊಸ ಅಧಿಕಾರಿ, ಹೊಸ ನಿಧಿ ಎಂದು ಮಸೂದೆಯಲ್ಲಿ ದೊಡ್ಡದಾಗಿ ಬರೆದು, ಇಲ್ಲಿ ಹೆಚ್ಚುವರಿ ವೆಚ್ಚವೇ ಇಲ್ಲ ಎಂದು ಬರೆದಿದ್ದರೆ, ಆ ಮಂಡಳಿ ಯಾರ ದುಡ್ಡಲ್ಲಿ ನಡೆಯುತ್ತದೆ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಮೂರನೆಯದು ನಿಯಮ ರಚಿಸುವ ಅಧಿಕಾರದ ಬಗ್ಗೆ ಜ್ಞಾಪನ ಪತ್ರ. ಸದನ ತಾನು ತೀರ್ಮಾನಿಸದೆ ಇಲಾಖೆಗೆ ಬಿಟ್ಟುಕೊಟ್ಟದ್ದರ ಪಟ್ಟಿ ಅದು. ಈ ಮೂರನ್ನು ಓದಿ ಮೊದಲ ಪುಟಕ್ಕೆ ಬಂದರೆ ಮಸೂದೆಯ ಅರ್ಧ ಗುಟ್ಟು ಕೈಯಲ್ಲಿರುತ್ತದೆ.

3. ತಿದ್ದುಪಡಿ ಮಸೂದೆಗೆ ಕತ್ತರಿ ಮತ್ತು ಗೋಂದು ಬೇಕು

ಸದನಕ್ಕೆ ಬರುವ ಬಹಳಷ್ಟು ಮಸೂದೆಗಳು ಹೊಸವಲ್ಲ, ಹಳೇ ಕಾಯ್ದೆಗೆ ಹಾಕುವ ತೇಪೆಗಳು. ಅವುಗಳ ಭಾಷೆ ಹೀಗಿರುತ್ತದೆ: ‘ಮೂಲ ಅಧಿನಿಯಮದ ಇಂಥ ಪ್ರಕರಣದಲ್ಲಿ ಇಂಥ ಪದಗಳಿಗೆ ಬದಲಾಗಿ ಇಂಥ ಪದಗಳನ್ನು ಪ್ರತಿಯೋಜಿಸತಕ್ಕದ್ದು.’ ಬರೀ ಇದನ್ನು ಓದಿದರೆ ತೇಪೆ ಕಾಣುತ್ತದೆ, ಅಂಗಿ ಕಾಣುವುದಿಲ್ಲ.

2024ರ ಫೆಬ್ರವರಿಯಲ್ಲಿ ನಾಮಫಲಕದ ಮಸೂದೆ ಬಂದಾಗ ನಮ್ಮ ಸಭೆಗೆ ಬೋರ್ಡ್ ಬರೆಯುವ ಪೇಂಟರ್ ಒಬ್ಬರು ಬಂದಿದ್ದರು. ಅದು ತಿದ್ದುತ್ತಿದ್ದ ಮೂಲ ಕಾಯ್ದೆ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022. ಅದರಲ್ಲಿ ಬೋರ್ಡಿನ ಅರ್ಧ ಭಾಗ ಕನ್ನಡಕ್ಕೆ ಎಂದಿದ್ದದ್ದು ಈ ತಿದ್ದುಪಡಿಯಿಂದ ಶೇ 60 ಆಗುತ್ತಿತ್ತು. ನಾನು ಮೂಲ ಕಾಯ್ದೆಯ ಆ ಪುಟವನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ, ತಿದ್ದುಪಡಿಯ ಸಾಲುಗಳನ್ನು ಕತ್ತರಿಸಿ, ಹಳೇ ಪದಗಳ ಮೇಲೆ ಎಲ್ಲರ ಮುಂದೆ ಅಂಟಿಸಿದೆ. ಪೇಂಟರ್ ಎದ್ದು ಬಂದು ಅಂಟಿಸಿದ ಜಾಗವನ್ನೇ ನೋಡುತ್ತಾ ಕೇಳಿದರು: “ಅರವತ್ತು ಅಂದ್ರೆ ಜಾಗದ ಲೆಕ್ಕವೋ ಅಕ್ಷರದ ಲೆಕ್ಕವೋ ಮೇಡಂ? ಹತ್ತಡಿ ಬೋರ್ಡಲ್ಲಿ ಆರಡಿ ಕನ್ನಡಕ್ಕೆ ಬಿಟ್ಟು, ಅಕ್ಷರ ಚಿಕ್ಕದು ಬರೆದ್ರೆ?” ಆವತ್ತು ಆ ಮಸೂದೆಯ ಮೇಲೆ ಕೇಳಿದ ಅತ್ಯುತ್ತಮ ಪ್ರಶ್ನೆ ಅದು. ತೇಪೆ ಅಂಗಿಯ ಮೇಲೆ ಕೂತ ಮೇಲೆ ತಾನೇ ಅಳತೆಯ ಪ್ರಶ್ನೆ ಬರುವುದು?

4. ಯಾರಿಗೆ ಅನ್ವಯ ಎಂಬುದಕ್ಕಿಂತ ಯಾರಿಗೆ ಅನ್ವಯಿಸುವುದಿಲ್ಲ ಎಂಬುದು ಮುಖ್ಯ

ಮೊದಲು ಹೇಳಿದ ತಪ್ಪಿನ ಮೂಲ ಇಲ್ಲಿದೆ. ಆ ಸುಗ್ರೀವಾಜ್ಞೆ ನೋಂದಣಿ, ಪರವಾನಗಿ ಇಲ್ಲದ ಲೇವಾದೇವಿಯವರ ಸಾಲ ತೀರಿದಂತೆ ಎಂದು ಹೇಳಿದ್ದು ನಿಜ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದದ್ದೂ ನಿಜ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕು ಮತ್ತು ಹಣಕಾಸು ಕಂಪನಿಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಊರಿನಲ್ಲಿ ವಾರದ ಕಂತಿಗೆ ಬೈಕಿನಲ್ಲಿ ಬರುವವರಲ್ಲಿ ಹಲವರು ಅಂಥ ಕಂಪನಿಗಳವರೇ.

ಈಗ ನಾನು ಯಾವ ಮಸೂದೆ ಕೈಗೆ ಬಂದರೂ ಮೊದಲು ಹುಡುಕುವುದು ‘ಅನ್ವಯಿಸತಕ್ಕದ್ದಲ್ಲ’ ಎಂಬ ಪದ. ಆಮೇಲೆ ಪರಿಭಾಷೆಗಳ ಪುಟ. ‘ಸಾಲಗಾರ’ ಅಂದರೆ ಈ ಮಸೂದೆಯಲ್ಲಿ ಯಾರು, ‘ಕುಟುಂಬ’ ಅಂದರೆ ಯಾರ್ಯಾರು, ‘ಕಾರ್ಮಿಕ’ ಅಂದರೆ ಯಾರು. ನಾವು ದಿನಾ ಆಡುವ ಪದಕ್ಕೆ ಮಸೂದೆ ತನ್ನದೇ ಅರ್ಥ ಕೊಟ್ಟುಕೊಂಡಿರುತ್ತದೆ. ಹೊರಗಿಟ್ಟದ್ದು ಹಲವು ಸಲ ಜನರ ಹೆದರಿಕೆಯನ್ನೂ ಕಳೆಯುತ್ತದೆ. 2017ರ ಮೌಢ್ಯ ನಿಷೇಧ ಮಸೂದೆ ಬಂದಾಗ ಪೂಜೆ ಪುನಸ್ಕಾರವೇ ನಿಲ್ಲುತ್ತದೆ ಎಂದು ಪುಕಾರಾಗಿತ್ತು. ಓದಿದರೆ ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಕೀರ್ತನೆ ಇವನ್ನೆಲ್ಲ ಮಸೂದೆಯೇ ಹೆಸರಿಸಿ ಹೊರಗಿಟ್ಟಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರಿಗೆ ಆ ಒಂದು ಪುಟ ತೋರಿಸಿದರೆ ಸಾಕಾಗಿತ್ತು.

5. ದೊಡ್ಡ ಪದ ಬಿಡಿ, ಸಣ್ಣ ಪದ ಹಿಡಿಯಿರಿ

ಮೂರು ಪದಗಳಿಗೆ ನಮ್ಮಲ್ಲಿ ಮೂರು ಬಣ್ಣ. ‘ತಕ್ಕದ್ದು’ ಹಸಿರು, ‘ಬಹುದು’ ಹಳದಿ, ‘ಪರಂತು’ ಕೆಂಪು.

‘ಸರ್ಕಾರವು ನೀಡತಕ್ಕದ್ದು’ ಅಂದರೆ ಕೊಡಲೇಬೇಕು, ಕೊಡದಿದ್ದರೆ ಕೋರ್ಟಿನಲ್ಲಿ ಕೇಳಬಹುದು. ‘ಸರ್ಕಾರವು ನೀಡಬಹುದು’ ಅಂದರೆ ಕೊಟ್ಟರೂ ಕೊಡಬಹುದು, ಬಿಟ್ಟರೂ ಬಿಡಬಹುದು. ಭಾಷಣದಲ್ಲಿ ಎರಡೂ ‘ಕೊಡುತ್ತೇವೆ’ ಎಂದೇ ಕೇಳಿಸುತ್ತವೆ. ಒಂದು ಮಸೂದೆಯ ಪುಟ ಪೂರಾ ಹಳದಿಯಾಗಿದ್ದು ಹಸಿರು ಎರಡೇ ಕಡೆ ಕಂಡಾಗ, ನಿವೃತ್ತ ಮೇಷ್ಟ್ರೊಬ್ಬರು ಅಂದರು: “ಇದು ಕಾಯ್ದೆಯಲ್ಲಮ್ಮ, ನೋಡೋಣ ಅನ್ನೋ ಮಾತು.”

‘ಪರಂತು’ ಅಂದರೆ ‘ಆದರೆ’. ಮೇಲಿನ ಸಾಲು ಕೊಟ್ಟದ್ದನ್ನು ಕೆಳಗಿನ ಪರಂತು ಕಿತ್ತುಕೊಳ್ಳಬಹುದು, ಅಥವಾ ಮೇಲಿನದರ ಬಿಗಿಯನ್ನು ಸಡಿಲಿಸಬಹುದು. ‘ಪರಂತು ಇನ್ನೂ’ ಎಂದು ಎರಡನೆಯದು, ಮೂರನೆಯದು ಬರುವುದೂ ಉಂಟು. ಅಲ್ಲಿ ಬೆರಳಿಟ್ಟುಕೊಂಡೇ ಓದಬೇಕು. ಜೊತೆಗೆ ‘ತತ್ಕಾಲದಲ್ಲಿ ಜಾರಿಯಲ್ಲಿರುವ ಯಾವುದೇ ಕಾನೂನಿನಲ್ಲಿ ಏನೇ ಒಳಗೊಂಡಿದ್ದರೂ’ ಎಂದು ಒಂದು ಸಾಲು ಶುರುವಾದರೆ, ಬೇರೆ ಕಾನೂನುಗಳನ್ನು ಪಕ್ಕಕ್ಕೆ ಸರಿಸಿ ಆ ಸಾಲು ಮುಂದೆ ಬಂದು ನಿಲ್ಲುತ್ತದೆ ಎಂದರ್ಥ. ಕನ್ನಡದ ಸಾಲು ಗಂಟಾಗಿ ಕಂಡರೆ ಇಂಗ್ಲಿಷ್ ಪಠ್ಯವನ್ನೂ ಪಕ್ಕಕ್ಕಿಟ್ಟುಕೊಳ್ಳಿ, ಇಂಗ್ಲಿಷ್ ಗಂಟಾದರೆ ಕನ್ನಡದ್ದನ್ನು. ಎರಡೂ ಒಂದೇ ಕಡೆ ಗಂಟಾಗಿದ್ದರೆ ಮಸೂದೆಯೇ ಅಲ್ಲಿ ಗೊಂದಲದಲ್ಲಿದೆ.

6. ಅಂಕಿ ಇಲ್ಲದ ಕಡೆ ಪೆನ್ಸಿಲ್ ಗುರುತು ಹಾಕಿ

ನಮ್ಮೂರ ಹುಡುಗರು ಬೆಂಗಳೂರಿನಲ್ಲಿ ಊಟದ ಡೆಲಿವರಿ ಮಾಡುತ್ತಾರೆ. ಹಬ್ಬಕ್ಕೆ ಬಂದ ಒಬ್ಬ ಗಿಗ್ ಕಾರ್ಮಿಕರ ಮಸೂದೆಯನ್ನು ತಾನೇ ಮೊಬೈಲಿನಲ್ಲಿ ತಂದಿದ್ದ. ಪ್ರತಿ ವಹಿವಾಟಿನ ಮೇಲೆ ಕಂಪನಿಯಿಂದ ಶುಲ್ಕ ವಸೂಲು ಮಾಡಿ ಕಾರ್ಮಿಕರ ಕಲ್ಯಾಣ ನಿಧಿಗೆ ಹಾಕುವ ಏರ್ಪಾಡು ಅದರಲ್ಲಿದೆ. ಎಷ್ಟು ಶುಲ್ಕ? ಶೇ 1ಕ್ಕಿಂತ ಕಡಿಮೆ ಇಲ್ಲದೆ, ಶೇ 5ಕ್ಕಿಂತ ಹೆಚ್ಚಿಲ್ಲದೆ, ಸರ್ಕಾರ ಅಧಿಸೂಚಿಸಿದಷ್ಟು. ನೂರು ರೂಪಾಯಿಗೆ ಒಂದು ರೂಪಾಯಿಯೂ ಆಗಬಹುದು, ಐದೂ ಆಗಬಹುದು. ಐದು ಪಟ್ಟು ವ್ಯತ್ಯಾಸ ಸದನದ ಹೊರಗೆ ತೀರ್ಮಾನವಾಗುತ್ತದೆ.

‘ನಿಯಮಿಸಬಹುದಾದಂತೆ’, ‘ಅಧಿಸೂಚಿಸಬಹುದಾದಂತೆ’ ಎಂದು ಕಂಡಲ್ಲೆಲ್ಲ ಪೆನ್ಸಿಲ್ಲಿನಿಂದ ಒಂದು ಸೊನ್ನೆ ಬರೆಯಿರಿ. ಆ ಸೊನ್ನೆಗಳನ್ನು ತುಂಬುವುದು ಆಮೇಲೆ ಬರುವ ನಿಯಮಗಳು. ಕರಡು ನಿಯಮ ರಾಜ್ಯಪತ್ರದಲ್ಲಿ ಪ್ರಕಟವಾಗಿ ಆಕ್ಷೇಪಣೆಗೆ ಸಾಮಾನ್ಯವಾಗಿ 30 ದಿನ ಸಿಗುತ್ತದೆ. ಮಸೂದೆಯ ದಿನ ಟೀವಿಯಲ್ಲಿ ಗಲಾಟೆ ಮಾಡಿದವರು ಯಾರೂ ಆ 30 ದಿನಗಳಲ್ಲಿ ಕಾಣುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಪೂಜಾರಿಯ ಹತ್ತಿರ ಹೋಗಬೇಕಾದ ದಿನ ಅದು.

7. ಎರಡು ಸಾಲಿನ ಮಸೂದೆ ಕಂಡರೆ ಕುರ್ಚಿ ಎಳೆದುಕೊಂಡು ಕೂರಿ

ಪುಟ ಜಾಸ್ತಿ ಇದ್ದರೆ ಪರಿಣಾಮ ಜಾಸ್ತಿ ಎಂದುಕೊಳ್ಳುತ್ತೇವೆ. 2023ರ ಜುಲೈನಲ್ಲಿ ಪಾಸಾದ ಪಿಟಿಸಿಎಲ್ ತಿದ್ದುಪಡಿಯ ಜೀವ ಇರುವುದು ಎರಡು ವಾಕ್ಯಗಳಲ್ಲಿ.

ಹಿನ್ನೆಲೆ ಇದು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ, ಅನುಮತಿ ಇಲ್ಲದೆ ಮಾರಿದ್ದರೆ, ಅದನ್ನು ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿಸುವುದಕ್ಕೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಯ, ಅಂದರೆ ಎ.ಸಿ. ಕೋರ್ಟಿಗೆ. ಎಷ್ಟು ವರ್ಷದೊಳಗೆ ಅರ್ಜಿ ಹಾಕಬೇಕೆಂದು ಕಾಯ್ದೆ ಹೇಳಿರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ಸಮಂಜಸ ಕಾಲದೊಳಗೆ ಬರಬೇಕು ಅಂದಿತು. ಆಮೇಲೆ ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳು ಬೀಳತೊಡಗಿದವು. 2023ರ ತಿದ್ದುಪಡಿ ಎರಡು ಮಾತು ಸೇರಿಸಿತು: ಈ ಕಾಯ್ದೆಯಡಿ ಅರ್ಜಿಗೆ ಕಾಲಮಿತಿ ಇಲ್ಲ. ಮತ್ತು ಇದು ಎಲ್ಲ ಪ್ರಾಧಿಕಾರ, ಎಲ್ಲ ನ್ಯಾಯಾಲಯಗಳಲ್ಲಿ ಬಾಕಿ ಇರುವ ಪ್ರಕರಣಗಳಿಗೂ ಅನ್ವಯ.

ಎರಡನೇ ವಾಕ್ಯ ಓದಿದಾಗ ಗ್ರಂಥಾಲಯದಲ್ಲಿ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ಒಂದೇ ಬೆಂಚಿನ ಆ ತುದಿಯಲ್ಲಿ ಮಂಜೂರಾತಿದಾರರ ಮೊಮ್ಮಗ, ಈ ತುದಿಯಲ್ಲಿ ಮೂವತ್ತು ವರ್ಷದ ಹಿಂದೆ ದುಡ್ಡು ಕೊಟ್ಟು ಅಂಥದೇ ಜಮೀನು ಕೊಂಡು ತೆಂಗು ಹಾಕಿದವರ ಮಗ. ‘ಬಾಕಿ ಇರುವ’ ಎಂಬ ಎರಡು ಪದ ಇಬ್ಬರ ಮನೆಯನ್ನೂ ಮುಟ್ಟಿತ್ತು. ಅಲ್ಲಿಗೂ ಕಥೆ ಮುಗಿಯಲಿಲ್ಲ. ತಿದ್ದುಪಡಿ ಬಂದ ಮೇಲೂ ವಿಪರೀತ ವಿಳಂಬದ ಪ್ರಶ್ನೆ ಹೈಕೋರ್ಟಿನಲ್ಲಿ ಮತ್ತೆ ಎದ್ದಿತು. ಕಾಯ್ದೆಯ ಪದ ಬರೆಯುವುದು ಸದನ, ಅದರ ಅರ್ಥದ ಬಗ್ಗೆ ಕೊನೆಯ ಮಾತು ನ್ಯಾಯಾಲಯದ್ದು.

8. ಬೇಕು ಬೇಡ ನೀವು ಹೇಳಬೇಡಿ

ಅವತ್ತು ಆ ಇಬ್ಬರೂ ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: “ನೀವೇನಂತೀರಿ ಮೇಡಂ, ಇದು ನ್ಯಾಯವಾ?” ನನಗೆ ನನ್ನ ಅಭಿಪ್ರಾಯ ಇದೆ, ಹೇಳಲಿಲ್ಲ. ಓದಿ ಹೇಳುವವರು ಒಮ್ಮೆ ಪಕ್ಷ ಹಿಡಿದರೆ ಮುಂದಿನ ಸಭೆಯಲ್ಲಿ ಬೆಂಚಿನ ಒಂದು ತುದಿ ಖಾಲಿ ಇರುತ್ತದೆ. ಖಾಲಿಯಾದ ತುದಿಯವರು ವಾಟ್ಸ್‌ಆಪಿನಲ್ಲಿ ಬಂದದ್ದನ್ನೇ ನಂಬುತ್ತಾರೆ.

ಹಾಗೆಂದು ‘ಎರಡೂ ಕಡೆ ಸರಿ’ ಎಂದು ಜಾರಿಕೊಳ್ಳುವುದೂ ಅಲ್ಲ. ಈ ಸಾಲಿನಿಂದ ಯಾರಿಗೆ ಏನು ಸಿಗುತ್ತದೆ, ಯಾರ ಕೈಯಿಂದ ಏನು ಹೋಗುತ್ತದೆ, ತೀರ್ಮಾನ ಯಾರದು, ಮೇಲ್ಮನವಿ ಎಲ್ಲಿಗೆ. ಈ ನಾಲ್ಕನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಜಗಳ ಆಡುವುದಿದ್ದರೆ ಸಾಲಿನ ಮೇಲೆ ಆಡಲಿ. ಅವತ್ತು ಅವರಿಬ್ಬರೂ ಒಂದು ಗಂಟೆ ವಾದ ಮಾಡಿದರು, ಇಬ್ಬರ ಬೆರಳೂ ಒಂದೇ ಸಾಲಿನ ಮೇಲಿತ್ತು.

9. ಧ್ವನಿಮತವೇ ಕೊನೆಯಲ್ಲ

ವಿಧಾನಸಭೆಯಲ್ಲಿ 224 ಜನ, ವಿಧಾನ ಪರಿಷತ್ತಿನಲ್ಲಿ 75. ಮಂಡನೆ, ಪರ್ಯಾಲೋಚನೆ, ಖಂಡವಾರು ಮತ, ಅಂಗೀಕಾರ ಎಂಬ ನಾಲ್ಕು ಹೆಜ್ಜೆ ಹಲವು ಸಲ ಎರಡು ಮೂರು ದಿನಗಳಲ್ಲೇ ಮುಗಿಯುತ್ತವೆ. ಆದರೂ ನೋಡಬೇಕಾದ ಎರಡು ತಿರುವುಗಳಿವೆ.

ಒಂದು, ಸಮಿತಿ. ಗ್ರೇಟರ್ ಬೆಂಗಳೂರು ಆಡಳಿತ ಮಸೂದೆ 2024ರ ಜುಲೈನಲ್ಲಿ ಮಂಡನೆಯಾಗಿ ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು, ಪಾಸಾದದ್ದು 2025ರ ಮಾರ್ಚಿನಲ್ಲಿ. ಸಮಿತಿಗೆ ಹೋದ ಮಸೂದೆ ಎಂದರೆ ಬಾಗಿಲು ತೆರೆದಿರುವ ಮನೆ. ಎರಡು, ಮೇಲ್ಮನೆ. ಹಿಂದೂ ಧಾರ್ಮಿಕ ದತ್ತಿ ತಿದ್ದುಪಡಿ ಮಸೂದೆ 2024ರ ಫೆಬ್ರವರಿ 23ರಂದು ಪರಿಷತ್ತಿನಲ್ಲಿ ಬಿದ್ದುಹೋಯಿತು. ವಾರದೊಳಗೆ ವಿಧಾನಸಭೆ ಅದನ್ನು ಮತ್ತೆ ಪಾಸು ಮಾಡಿತು, ಎರಡನೇ ಸಲ ಪರಿಷತ್ತೂ ಒಪ್ಪಿತು. ಸಂವಿಧಾನದ 197ನೇ ವಿಧಿಯ ಪ್ರಕಾರ ಪರಿಷತ್ತು ಸಾಮಾನ್ಯ ಮಸೂದೆಯನ್ನು ಮೊದಲ ಸಲ ಮೂರು ತಿಂಗಳು, ಎರಡನೇ ಸಲ ಒಂದು ತಿಂಗಳು ತಡೆಯಬಹುದು, ಕೊಲ್ಲಲಾರದು. ಧನ ಮಸೂದೆಯಾದರೆ ಬರೀ 14 ದಿನ. ‘ಮಸೂದೆ ಸೋತಿತು’ ಎಂದು ಪಟಾಕಿ ಹೊಡೆದವರಿಗೆ ನಾನು ತೋರಿಸಿದ್ದು ಈ ಲೆಕ್ಕ.

10. ಪಾಸಾದದ್ದು ಜಾರಿಯಾಯಿತು ಎಂದಲ್ಲ

ಸದನದಿಂದ ಮಸೂದೆ ರಾಜಭವನಕ್ಕೆ ಹೋಗುತ್ತದೆ. 200ನೇ ವಿಧಿಯ ಪ್ರಕಾರ ರಾಜ್ಯಪಾಲರು ಅಂಕಿತ ಹಾಕಬಹುದು, ಮರುಪರಿಶೀಲನೆಗೆ ಹಿಂದಿರುಗಿಸಬಹುದು, ರಾಷ್ಟ್ರಪತಿಗೆ ಕಾದಿರಿಸಬಹುದು. ಇಷ್ಟು ದಿನದೊಳಗೆ ಎಂಬ ಗಡುವು ಅಲ್ಲಿಲ್ಲ. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ನ್ಯಾಯಾಲಯವೂ ಅಂಥ ಗಡುವು ಹಾಕಲಾಗದು ಎಂದಿತು, ಹಾಗೆಂದು ಸುಮ್ಮನೆ ಅನಿರ್ದಿಷ್ಟವಾಗಿ ಇಟ್ಟುಕೊಳ್ಳುವಂತೆಯೂ ಇಲ್ಲ ಎಂದಿತು.

ಹೆಸರಿನ ವರ್ಷವನ್ನೂ ನಂಬಬೇಡಿ. ಭೂಕಬಳಿಕೆ ನಿಷೇಧ ಕಾಯ್ದೆಯ ಹೆಸರಿನಲ್ಲಿ 2011 ಇದೆ. ಅದರ ಕೆಳಗೆ ‘2014ರ ಕರ್ನಾಟಕ ಅಧಿನಿಯಮ ಸಂಖ್ಯೆ 38’ ಎಂದಿದೆ. ರಾಷ್ಟ್ರಪತಿಯವರ ಅಂಕಿತಕ್ಕೆ ಹೋಗಿ ಬರಲು ಹಿಡಿದ ಕಾಲ ಆ ಎರಡು ಅಂಕಿಗಳ ನಡುವೆ ಕೂತಿದೆ. ಇನ್ನು ಮೌಢ್ಯ ನಿಷೇಧ ಕಾಯ್ದೆ 2017ರಲ್ಲಿ ಪಾಸಾದರೂ ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ‘ಸರ್ಕಾರವು ಅಧಿಸೂಚಿಸಿದ ದಿನಾಂಕದಿಂದ ಜಾರಿಗೆ ಬರತಕ್ಕದ್ದು’ ಎಂಬ ಸಾಲು ಮೊದಲ ಖಂಡದಲ್ಲೇ ಇರುತ್ತದೆ. ಎಲ್ಲರೂ ಹಾರಿಸಿ ಓದುವ ಖಂಡವೂ ಅದೇ.

11. ಸುಗ್ರೀವಾಜ್ಞೆ ಬಂದರೆ ಚಾರ್ಟನ್ನು ತಲೆಕೆಳಗೆ ಹಿಡಿಯಿರಿ

ರಾಮಾಯಣದ ಸುಗ್ರೀವ ಕಪಿಗಳಿಗೆ ಕೊಟ್ಟದ್ದು ಒಂದು ತಿಂಗಳು. ನಮ್ಮ ಸುಗ್ರೀವಾಜ್ಞೆಗೂ ಆಯುಷ್ಯ ಇದೆ. ಸದನ ನಡೆಯದಿರುವಾಗ ಮಾತ್ರ 213ನೇ ವಿಧಿಯಡಿ ಅದನ್ನು ಹೊರಡಿಸಬಹುದು. ಸದನ ಮತ್ತೆ ಸೇರಿದ ದಿನದಿಂದ ಆರು ವಾರದೊಳಗೆ ಮಸೂದೆಯಾಗಿ ಪಾಸಾಗದಿದ್ದರೆ ಬಿದ್ದುಹೋಗುತ್ತದೆ. ಇಲ್ಲಿ ಕಾನೂನು ಮೊದಲು, ಚರ್ಚೆ ಆಮೇಲೆ. ನಾಮಫಲಕದ ವಿಷಯದಲ್ಲಿ ಸರ್ಕಾರ ಮೊದಲು ಕಳಿಸಿದ್ದು ಸುಗ್ರೀವಾಜ್ಞೆಯನ್ನೇ. ಅಧಿವೇಶನ ಹತ್ತಿರದಲ್ಲಿದೆ, ಸದನಕ್ಕೇ ತನ್ನಿ ಎಂದು ರಾಜ್ಯಪಾಲರು ವಾಪಸು ಕಳಿಸಿದರು. ಮೈಕ್ರೋ ಫೈನಾನ್ಸಿನದೂ 2025ರ ಫೆಬ್ರವರಿ 7ಕ್ಕೆ ವಾಪಸು ಬಂತು, ಫೆಬ್ರವರಿ 12ಕ್ಕೆ ಅಂಕಿತವಾಯಿತು, ಮಾರ್ಚಿನಲ್ಲಿ ಮಸೂದೆಯಾಗಿ ಸದನದಲ್ಲಿ ಪಾಸಾಯಿತು. ಸುಗ್ರೀವಾಜ್ಞೆಯ ಪಠ್ಯ, ಆಮೇಲೆ ಬಂದ ಮಸೂದೆಯ ಪಠ್ಯ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ನಡುವೆ ಪದ ಬದಲಾಗಿರಬಹುದು.

12. ಒಂದು ಪುಟ, ಒಂದು ಖಂಡ, ಒಂದು ಬೇಡಿಕೆ

ಗಿಗ್ ಕಾರ್ಮಿಕರ ಮಸೂದೆಯ ಕರಡನ್ನು ಕಾರ್ಮಿಕ ಇಲಾಖೆ 2024ರ ಜೂನ್ ಕೊನೆಯಲ್ಲಿ ಪ್ರಕಟಿಸಿ ಸಲಹೆ ಕೇಳಿತ್ತು. ಎಲ್ಲ ಮಸೂದೆಗೂ ಈ ಭಾಗ್ಯ ಇಲ್ಲ. ಕರಡಿನ ಮೇಲೆ ಕನಿಷ್ಠ 30 ದಿನ ಸಾರ್ವಜನಿಕರ ಅಭಿಪ್ರಾಯ ಪಡೆಯಬೇಕೆಂಬ 2014ರ ನೀತಿ ಕೇಂದ್ರ ಸರ್ಕಾರದ್ದು, ರಾಜ್ಯಕ್ಕೆ ಕಡ್ಡಾಯವಲ್ಲ. ಆದ್ದರಿಂದ ಕೇಳಿದಾಗ ಬರೆಯಲೇಬೇಕು, ಕೇಳದಿದ್ದರೆ ಶಾಸಕರಿಗೆ ಬರೆಯಬೇಕು. ಸದನದಲ್ಲಿ ಯಾವ ಸದಸ್ಯರು ಬೇಕಾದರೂ ತಿದ್ದುಪಡಿ ಸೂಚಿಸಬಹುದು.

‘ಈ ಕರಾಳ ಮಸೂದೆಯನ್ನು ಖಂಡಿಸುತ್ತೇವೆ’ ಎಂದು ಐವತ್ತು ಸಹಿ ಹಾಕಿದ ಅರ್ಜಿಗಿಂತ, ‘ಖಂಡ ಇಂತಿಷ್ಟರಲ್ಲಿ ಬಹುದು ಎಂಬಲ್ಲಿ ತಕ್ಕದ್ದು ಎಂದಾಗಬೇಕು, ಕಾರಣ ಇದು’ ಎಂದು ಒಬ್ಬರು ಬರೆದ ನಾಲ್ಕು ಸಾಲು ಓದುವವರ ಮೇಜಿನ ಮೇಲೆ ಹೆಚ್ಚು ಹೊತ್ತು ಇರುತ್ತದೆ. ಖಂಡದ ಸಂಖ್ಯೆ, ಈಗಿರುವ ಪದ, ಬೇಕಾದ ಪದ, ನಿಮ್ಮ ಬದುಕಿನಿಂದ ಒಂದು ಉದಾಹರಣೆ. ಅಷ್ಟೇ. ಅಂಚೆಯ ರಸೀದಿಯನ್ನು ಫೈಲಿಗೆ ಹಾಕಿ. ಉತ್ತರಕ್ಕೆ ಕಾದು ಕೂರಬೇಡಿ, ನಿಯಮದ ಕರಡು ಬಂದಾಗ ಅದೇ ಕಾಗದವನ್ನು ತೆಗೆದು ಮತ್ತೆ ಕಳಿಸಿ.

ಕಂತು ತಪ್ಪಿಸಿ ಜಗಳ ಎದುರಿಸಿದ ಆ ಹೆಂಗಸಿನ ಮನೆಗೆ ನಾನು ಹೋಗಿದ್ದೆ. ಅವರ ಗುಂಪಿನ ಎಲ್ಲರನ್ನೂ ಜಗುಲಿಯ ಮೇಲೆ ಕೂರಿಸಿ, ತಪ್ಪು ನನ್ನದು ಅಂದು, ಆ ಹೊರಗಿಟ್ಟ ಸಾಲನ್ನು ಎರಡು ಸಲ ಓದಿ ಹೇಳಿದೆ. ಅವರು ಏನೂ ಅನ್ನಲಿಲ್ಲ. ಟೀ ಕೊಟ್ಟರು. ಮುಂದಿನ ಎರಡು ಸಭೆಗೆ ಬರಲಿಲ್ಲ. ಮೂರನೇ ಸಲ ಬಂದು ಹಿಂದಿನ ಬೆಂಚಿನಲ್ಲಿ ಕೂತರು.

ಮೊನ್ನೆ ಒಂದು ಮಸೂದೆ ಓದುತ್ತಿದ್ದೆ. ಸೆಖೆ, ಕರೆಂಟು ಬೇರೆ ಹೋಗಿತ್ತು, ಬೇಗ ಮುಗಿಸುವ ಆತುರ. ಪುಟದ ಬುಡಕ್ಕೆ ಬಂದಿದ್ದ ಒಂದು ಪ್ಯಾರಾ ಬಿಟ್ಟು ಪುಟ ತಿರುಗಿಸಿದೆ. ಪಕ್ಕದಿಂದ ಒಂದು ಕೈ ಬಂದು ಪುಟವನ್ನು ಹಿಂದಕ್ಕೆ ಮಡಚಿತು. ಕೊಬ್ಬರಿ ಒಡೆದು ಒಡೆದು ಗೆರೆ ಬಿದ್ದ ಬೆರಳು ಆ ಕೆಂಪು ಪದದ ಮೇಲೆ ನಿಂತಿತ್ತು.

“ಮೇಡಂ, ಇದನ್ನ ಬಿಟ್ರಿ.”